ಕೆಂಪು ಹಿಡಿಕೆ

ಆಸ್ಪತ್ರೆಯಿಂದ ಬಂದ ಮೇಲೆ ಫರ್ಗಸ್ ಅಣ್ಣ ಮತ್ತೆ ಗೊಬ್ಬರ ಎರಚುವ ವಿಮಾನ ಹತ್ತಿದ್ದು ತೈಹಾಪೆ ಊರಿನ ಕಡೆಯ ರೈತ ಆಥಲ್‌ನ ಕುರಿಬೆಟ್ಟದಲ್ಲಿ. ವಿಮಾನಕ್ಕೆ ಗೊಬ್ಬರ ತುಂಬುವ ಬಂಡಿ ಓಡಿಸುವವಳು ನಾನು. ಪದವಿ ಮುಗಿಸಿ ಮನೆಗೆ ಬಂದವಳಿಗೆ, ಜನರೊಡನೆ ಹೆಚ್ಚು ಮಾತಾಡಬೇಕಿಲ್ಲದ ಈ ಕೆಲಸ ಹಿಡಿಸಿತ್ತು.

ಫೆಬ್ರವರಿಯಲ್ಲಿ ಇನ್ನೊಂದು ಬೆಟ್ಟದಲ್ಲಿ ಅಣ್ಣ ವಿಮಾನ ಸಮೇತ ಬೇಲಿಗೆ ಬಡಿದು ಆಸ್ಪತ್ರೆ ಸೇರಿದ್ದ. ವಿಮಾನ ಏಳಲಾರದೆ ಒದ್ದಾಡುವಾಗ ಕೆಂಪು ಹಿಡಿಕೆ ಎಳೆದರೆ ಸಾಕು, ಗೊಬ್ಬರವೆಲ್ಲ ಒಮ್ಮೆಗೇ ಕೆಳಗೆ ಸುರಿದು ಹಗುರಾಗುತ್ತದೆ. ಅವನು ಅಂದು ಎಳೆದಿರಲಿಲ್ಲ. ನಮ್ಮ ಕಡೆ ಹಾಗೆ ಸುರಿಯುವುದೊಂದು ಅವಮಾನ. ಸುರಿದ ಜಾಗದಲ್ಲಿ ಹುಲ್ಲು ಕಡುಹಸಿರಾಗಿ ಎದ್ದು, ದಾರಿಯಲ್ಲಿ ಹೋಗುವವರೆಲ್ಲ ಬೆರಳು ತೋರಿಸಿ ನಗುತ್ತಾರೆ. ಈ ಸಲ ಎಳೆದಾನೋ ಇಲ್ಲವೋ, ಬೆಳಗಿನಿಂದ ನನಗೆ ಅದೊಂದೇ ಚಿಂತೆ.

ಚಹಾದ ಹೊತ್ತಿಗೆ ಗಾಳಿ ತಿರುಗಿತು. ಓಡುದಾರಿಯ ಪಕ್ಕದಲ್ಲಿ ದಿಕ್ಕು ತೋರುವ ಗಾಳಿಚೀಲ ಇಳಿಜಾರಿನ ಕಡೆಗೆ ಬಾಲ ಚಾಚಿತು. ಅಂದರೆ ಗಾಳಿ ಈಗ ಇಳಿಜಾರಿನಲ್ಲಿ ಓಡುವ ವಿಮಾನದ ಬೆನ್ನಿಗೆ; ಏಳುವುದು ಕಷ್ಟ.

"ಅರ್ಧ ಹಾಕ್ಲೇನೋ?" ಎಂದೆ ಅಣ್ಣನಿಗೆ.

"ಯಾಕೆ, ಪುಕ್ಕಲೀ? ತುಂಬು."

ಬೇಲಿಗೊರಗಿದ್ದ ಆಥಲ್, "ತುಂಬಮ್ಮಾ. ಒಳ್ಳೆ ಹುಲ್ಲಿಗೆ ಕಾದು ಕಾದು ನನ್ನ ಕುರಿಗಳಿಗೆ ಹಲ್ಲೇ ಉದುರೋ ಹಾಗಿದೆ" ಎಂದ.

ತುಂಬಿದೆ. ವಿಮಾನ ಇಳಿಜಾರಿನಲ್ಲಿ ಓಡಿತು. ರಾತ್ರಿ ಕುರಿಗಳು ಮಲಗಿದ್ದ ಕಡೆ, ಹಿಕ್ಕೆಯ ಮೇಲೆ ಚಕ್ರ ಜಾರಿ ಬಾಲ ಹೊರಳಿತು. ದಾರಿ ಮುಗಿದರೂ ರೆಕ್ಕೆಗೆ ಜೀವ ಬಂದಿರಲಿಲ್ಲ. ಅಂಚು ದಾಟಿದ್ದೇ ಕಣಿವೆಯೊಳಕ್ಕೆ ಕುಸಿದು ಕಣ್ಮರೆಯಾಯಿತು. ಎಂಜಿನ್ನಿನ ಸದ್ದು ಮಾತ್ರ ಉಳಿಯಿತು. ಆಥಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೇಡ, ಹಾಕಿಕೋ, ಎಂದು ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದೆ.

ಅಂಚಿನ ಕೆಳಗಿನಿಂದ ಬೂದುಬಿಳಿ ಪುಡಿಯ ಮೋಡ ಎದ್ದಿತು. ಅದರಾಚೆ ವಿಮಾನ, ಹಗುರಾಗಿ ಮೇಲಕ್ಕೆ.

"ಹೋಯ್ತು ನನ್ನ ಗೊಬ್ಬರ, ಮುಳ್ಳುಪೊದೆ ಪಾಲಿಗೆ" ಎಂದ ಆಥಲ್, ಉಸಿರು ಬಿಟ್ಟು.

ಅಣ್ಣ ವಿಮಾನ ಇಳಿಸಿ ಎಂಜಿನ್ ನಿಲ್ಲಿಸಿದ. "ಪೊದೆಗೆ ಚೆನ್ನಾಗಿ ಉಣಿಸಿದ್ಯಲ್ಲಯ್ಯಾ" ಎಂದು ಆಥಲ್ ಕೆಣಕಿದರೆ, "ಹಣ್ಣು ಬಿಟ್ಟಾಗ ನಂಗೂ ಒಂದು ಬುಟ್ಟಿ ಕಳಿಸು" ಎಂದ.

ನಾನು ಹತ್ತಿರ ಹೋದೆ. "ಎಳಿಯೋದು ಕಷ್ಟ ಆಯ್ತೇನೋ?"

ಅವನು ತನ್ನ ಅಂಗೈ ನೋಡಿಕೊಂಡ. "ಇಲ್ಲ ಕಣೇ. ಬಾಗಿಲ ಚಿಲಕದಷ್ಟು ಸಲೀಸು."

ಗಾಳಿ ಸರಿಯಾಗುವವರೆಗೆ ಹಾರುವುದಿಲ್ಲವೆಂದು ಹೇಳಿ ಹುಲ್ಲಿನ ಮೇಲೆ ಮಲಗಿದ. ನಾನೂ ಆಥಲ್ಲೂ ಉಳಿದ ಗೊಬ್ಬರದ ರಾಶಿಗೆ ಟಾರ್ಪಾಲು ಹೊದಿಸಿದೆವು.