ಭೀಮಾ ಅನ್ನೋ ಹೆಸರಿಗೆ ಹೂಂ ಅಂದವರು

ಅರ್ಜುಮಂದ ಮಾಡಿದ ತಪ್ಪು ಒಂದೇ. ಆಕಿ ಕೊಟ್ಟ ಮಾತು ನಡೆಸಿದ್ಲು. ಹಿಂಗ ಹೇಳಾಕ ನಾಚಿಕಿ ಬರ್ತದ, ಆದ್ರ ಆಗಿದ್ದು ಹಂಗೇ.

ರಂಗಂಪೇಟೆಯ ಮಸೂತಿ ಹಿಂದಿನ ಓಣ್ಯಾಗ ಒಂದು ವಾಚನಾಲಯ ಇತ್ತು. ಸುರಪುರ ಗ್ರಂಥಾಲಯದ ಶಾಖೆ, ಒಂದೇ ಖೋಲಿ. ಅರ್ಜುಮಂದಳ ಫುಫು, ಅಂದ್ರ ಅಪ್ಪನ ಅಕ್ಕ, ಮಕ್ತುಂಬಿ ಅದರ ಕೀಲಿ ಇಟ್ಟುಕೊಂಡಾಕಿ. ಮಧ್ಯಾಹ್ನ ಮನಿಗೆಲಸ ಮುಗಿಸಿ ಓಣಿ ಹೆಣ್ಮಕ್ಕಳು ಅಲ್ಲಿ ಬಂದು, ಬುರ್ಖಾ ಮೊಳಿಗೆ ಸಿಗಿಸಿ, ಕಾಲು ಚಾಚಿ ಕುಂತು ಓದಾವ್ರು. ಗಂಡಸರ ಕಣ್ಣಿಲ್ಲದ, ಅತ್ತಿ ಕೂಗು ಕೇಳದ ಜಾಗ ಅಂದ್ರ ಅವರಿಗೆ ಅದೊಂದೇ. ಅರ್ಜುಮಂದ ಕನ್ನಡ ಓದಾಕ ಕಲಿತಿದ್ದೂ ಅಲ್ಲೇ, ಮಕ್ತುಂಬಿ ತೊಡಿ ಮ್ಯಾಲ ಕುಂತು. ಮುಂದ ಕಂಪ್ಯೂಟರ್ ಕಲಿತು ಸುರಪುರ ಗ್ರಂಥಾಲಯದ ಸಾಫ್ಟ್‌ವೇರ್ ಬರೆದಾಕಿನೂ ಆಕಿನೇ.

ಶಹಾಪುರದ್ದು ದೇವು ಬರೆದಿದ್ದ, ಯಾದಗಿರಿದು ಸಂಗಣ್ಣ. ಪುಸ್ತಕದ ಮಾಹಿತಿ ಇಡೋ ರೀತಿ ಮೂರರಾಗೂ ಒಂದೇ. ಆದ್ರ ಒಂದು ಊರಿಂದ ಇನ್ನೊಂದು ಊರಿಗೆ ಕಳಿಸುವಾಗ ಅದರ ಮ್ಯಾಲ ಒಂದು ಗುರುತಿನ ಹೆಸರು ಹಚ್ಚಬೇಕು, ಇದು ಇಂಥಾ ನಮೂನಿ ಮಾಹಿತಿ ಅಂತ. ಮೂವರೂ ತಮಗ ತಿಳಿದ ಹೆಸರು ಇಟ್ಟುಕೊಂಡಿದ್ರು. ಗುರುತು ಹತ್ತಲಿಲ್ಲ ಅಂದ್ರ ಸಾಫ್ಟ್‌ವೇರ್ ಗದ್ದಲ ಮಾಡಂಗಿಲ್ಲ, ಬೇಡ ಅಂತ ಬಾಯಿ ಬಿಟ್ಟು ಹೇಳಂಗಿಲ್ಲ. ಬಂದದ್ದನ್ನ ಸುಮ್ಮನ ಹೊರಗ ಹಾಕ್ತದ.

ಇಂಥಾದ್ರಾಗ ಜಿಲ್ಲಾಕ್ಕ ಒಂದು ಕಮಿಟಿ ಬಂತು. ಎಲ್ಲಾ ಊರಿನ ಪುಸ್ತಕ ಒಂದೇ ಪರದೆ ಮ್ಯಾಲ ಕಾಣಬೇಕು, ಯಾವ ಶಾಖೆಯ ಪುಸ್ತಕ ಕಾಣಂಗಿಲ್ಲೋ ಅದನ್ನ ಮುಚ್ಚಿ ಪುಸ್ತಕ ಯಾದಗಿರಿಗೆ ಸಾಗಿಸಬೇಕು ಅಂತ ಠರಾವು ಮಾಡ್ತು. ಮಕ್ತುಂಬಿ ಓಡಿ ಬಂದ್ಲು. "ಬೇಟಿ, ನಮ್ಮ ಖೋಲಿ ಉಳಿತದಲ್ಲ?" ಅಂದ್ಲು. "ಹೆಸರೊಂದು ಕೂಡಿ ಬಂದ್ರ ಉಳಿತದ ಫುಫು," ಅಂದ್ಲು ಅರ್ಜುಮಂದ.

ಹೆಸರು ಕೂಡಿಸಾಕ ಮೂವರೂ ಶಹಾಪುರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ನಾಗ ಕೂಡಿದ್ರು. ದೇವು ತನ್ನ ಹೆಸರೇ ಚೊಲೋ ಅದ ಅಂದ. ಅರ್ಜುಮಂದ ತನ್ನದೇ ಇರಲಿ ಅಂದ್ಲು. ಬಿಸಿ ಭಜಿ ತಣ್ಣಗಾದ್ರೂ ಮಾತು ಮುಂದ ಹೋಗಲಿಲ್ಲ. ಕಡಿಗೆ ಸಂಗಣ್ಣ ಕೈ ಒರೆಸಿಕೊಂಡ. ವಯಸ್ಸಿನಾಗ ಹಿರಿಯ, ಜಿಲ್ಲಾ ಸಾಹೇಬರ ಎದುರು ಕುರ್ಚಿ ಮ್ಯಾಲ ಕೂಡೋ ಮನುಷ್ಯ.

"ಯಾರದೂ ಬ್ಯಾಡ. ಭೀಮಾ ಅಂತ ಇಡೋಣು. ಹೊಳಿ ಯಾರಪ್ಪನ ಆಸ್ತಿನೂ ಅಲ್ಲ."

"ಹೌದ್ರಿ ಕಾಕಾ, ಇದು ಖರೆ ಮಾತು," ಅಂದ ದೇವು.

"ಹೌದ್ರಿ," ಅಂದ್ಲು ಅರ್ಜುಮಂದ.

ಮ್ಯಾಲ ಒಂದೊಂದು ಚಾ ಕುಡುದ್ರು, ಮಾತು ಪಕ್ಕಾ ಆತು. ಈ ಸೀಮಿಯೊಳಗ ಹಿರೇರ ಎದುರು ಅನ್ನೋ ಹೂಂ ಇರ್ತದಲ್ಲ, ಅದು ಅವರ ಮಾರಿ ಸಣ್ಣದಾಗಬಾರದು ಅಂತ ಅನ್ನೋದು. ಮನಿಗೆ ಹೋಗಿ ಯಾರ ಬುದ್ಧಿ ಅವರಿಗೆ. ಇದು ಅರ್ಜುಮಂದಗೂ ಗೊತ್ತಿತ್ತು. ಲಗ್ನದ ಮಾತಿನಾಗ, ಹೊಲದ ಬದುವಿನ ಜಗಳದಾಗ ಹಿಂಗ ಆಗೋದು ನೋಡಿದ್ಲು. ಸಾಫ್ಟ್‌ವೇರಿನ ಮಾತಿನಾಗೂ ಹಿಂಗೇ ಆಗ್ತದ ಅಂತ ಮಾತ್ರ ಹುಡುಗಿಗೆ ಹೊಳೀಲಿಲ್ಲ.

ಅವತ್ತೇ ಮನಿಗೆ ಬಂದು ತನ್ನ ಹಳೇ ಹೆಸರು ತಗದು ಭೀಮಾ ಅಂತ ಹಾಕಿದ್ಲು. ಇಷ್ಟು ದಿನ ಸಾಕಿದ ಹೆಸರು ಅಳಿಸುವಾಗ ಕೈ ಹಿಂದ ಸರೀತು. ಬಾಜು ಕುಂತು ಅಕ್ಕಿ ಆರಿಸಾಕತ್ತಿದ್ದ ಮಕ್ತುಂಬಿ ಅಂದ್ಲು, "ಜುಬಾನ್ ಕೊಟ್ಟಿಯಲ್ಲ ಬೇಟಿ, ಮಾತು ಅಂದ್ರ ಮಾತು, ಮುಗೀತು. ಹಾಕು."

ಮರುದಿನ ದೇವುಗೆ ಫೋನ್ ಹಚ್ಚಿ, ನಮ್ಮ ಪುಸ್ತಕ ಕಾಣಾಕತ್ತಾವೇನು ಅಂತ ಕೇಳಿದ್ಲು. "ಬಂದಾವ ಅಕ್ಕಾ, ಬಂದಾವ," ಅಂದ ಆ ಭಾಡ್ಯಾ. ಪರದೆ ಕಡಿ ಹೊಳ್ಳಿ ಸೈತ ನೋಡಿರಲಿಲ್ಲ.

ಕಮಿಟಿ ನೋಡಾಕ ಬಂದ ದಿನ ಯಾದಗಿರಿಯ ಹಾಲ್‌ನಾಗ ದೊಡ್ಡ ಪರದೆ ಹಚ್ಚಿದ್ರು. ಯಾದಗಿರಿ ಪುಸ್ತಕ ಬಂದ್ವು, ಶಹಾಪುರದ್ದು ಬಂದ್ವು. ಸುರಪುರ ಅಂತ ಒತ್ತಿದ್ರೂ, ಅದರ ಶಾಖೆ ರಂಗಂಪೇಟೆ ಅಂತ ಒತ್ತಿದ್ರೂ ಬಿಳೀ ಪರದೆ, ಒಂದಕ್ಷರ ಇಲ್ಲ. ಅರ್ಜುಮಂದ ಎದ್ಲು. ಸಂಗಣ್ಣನ ಬಾಜು ಹೋಗಿ ಬಗ್ಗಿ, "ಕಾಕಾ, ನಾ ಭೀಮಾ ಅಂತನೇ ಕಳಿಸೇನಿ," ಅಂದ್ಲು.

ಸಂಗಣ್ಣ ಆಕಿ ಮಾರಿ ಪಿಳಿಪಿಳಿ ನೋಡಿದ. "ಅಯ್ಯ! ಖರೆ ಖರೆ ಬದಲಿ ಮಾಡಿಬಿಟ್ಟೇನವಾ?"

ಆಕಿಗೆ ಮೊದಲು ತಿಳೀಲಿಲ್ಲ. ದೇವು ತೆಳಗ ನೋಡಿಕೋತ ಬಿಡಿಸಿ ಹೇಳಿದ. ಭೀಮಾ ಅನ್ನೋ ಹೆಸರು ಅವರಿಬ್ಬರೂ ಹಾಕಿರಲೇ ಇಲ್ಲ. ಯಾರು ಕೆದಕಬೇಕು ಅಂತ, ಫೋನ್‌ನಾಗೇ ಮಾತಾಡಿಕೊಂಡು, ಮೂರೂ ಹಳೇ ಹೆಸರು ತಮ್ಮ ಸಾಫ್ಟ್‌ವೇರಿಗೆ ಗುರುತು ಹತ್ತುವಂಗ ಮಾಡಿಕೊಂಡಿದ್ರು. "ನಿನ್ನ ಹಳೇದೂ ಸೇರಿಸೇವಿ ಅಕ್ಕಾ. ನೀನೂ ಬದಲಿ ಮಾಡಿರಂಗಿಲ್ಲ ಅಂದ್ಕೊಂಡ್ವಿ."

ಆಕಿನೂ ಸುಮ್ಮನ ಮಾತು ತಪ್ಪಿದ್ರ ಸಾಕಿತ್ತು, ಖೋಲಿ ಉಳೀತಿತ್ತು. ಆಕಿ ಕಣ್ಣಾಗ ಬೆಂಕಿ ಬಂತು, ಹಿಂದೇ ನೀರೂ ಬಂತು. "ಸಾಹೇಬ್ರ, ಅರ್ಧಾ ತಾಸು ಕೊಡ್ರಿ. ಪುಸ್ತಕ ಅದಾವ. ಹೆಸರಿನ ಗೊಂದಲ ಆಗ್ಯಾದ, ಸಂಗಣ್ಣ ಕಾಕಾಗ ಕೇಳ್ರಿ," ಅಂದ್ಲು.

ಎಲ್ಲಾರೂ ಸಂಗಣ್ಣನ ಕಡಿ ಹೊಳ್ಳಿದ್ರು. ತಪ್ಪು ನಮ್ಮದ್ರಿ ಅಂತ ಒಂದು ಮಾತು ಅಂದಿದ್ರ ಅವನ ಗಂಟೇನೂ ಹೋಗ್ತಿರಲಿಲ್ಲ. ಅವನು ಟೊಪಿಗಿ ಸರಿ ಮಾಡಿಕೊಂಡ. "ಹುಡುಗಿ ಹುಷಾರ ಅದಾಳ್ರಿ. ಏನೋ ಅವಸರದಾಗ ಬದಲಿ ಮಾಡ್ಯಾಳ. ಆಮ್ಯಾಲ ನೋಡೋಣಂತ, ಸಾಹೇಬ್ರ ಊಟಕ್ಕ ಹೊತ್ತಾತು."

ಸಾಹೇಬ್ರು ಎದ್ರು. ಮುಚ್ಚೋ ಠರಾವು ಶಾಖೆಗಷ್ಟೇ ಇತ್ತು, ಪಟ್ಟಿಯೊಳಗ ರಂಗಂಪೇಟೆ ಮುಂದ ಒಂದು ಗೀಟು ಬಿತ್ತು. ಅರ್ಜುಮಂದ ಹಳೇ ಹೆಸರು ಹಾಕಿ, ಎಲ್ಲಾ ಪುಸ್ತಕ ಕಾಣುವಂಗ ಮಾಡಿ, ಆಫೀಸಿನಿಂದ ಆಫೀಸಿಗೆ ಅಡ್ಡಾಡಿದ್ಲು. ಆದೇಶ ಹೊಂಟು ಹೋಗ್ಯಾದ ಅಂದ್ರು ಎಲ್ಲಾರೂ.

ಟೆಂಪೋ ಬಂದ ದಿನ ಓಣಿ ಹೆಣ್ಮಕ್ಕಳು ಬಾಗಿಲ ಪರದಾ ಸರಿಸಿ ನಿಂತು ನೋಡಿದ್ರು. ಮಕ್ತುಂಬಿ ಅಳಲಿಲ್ಲ. ಖಾಲಿ ಖೋಲಿ ಕಸ ಹೊಡದು, ಮೊಳಿಗೆ ಉಳಿದಿದ್ದ ಯಾರದೋ ಒಂದು ಬುರ್ಖಾ ಮಡಚಿ ಇಟ್ಟು, ಕೀಲಿ ಕೊಟ್ಟು ಬಂದ್ಲು.

ವಾರ ಕಳೆದು ಸಂಗಣ್ಣ ಫೋನ್ ಮಾಡಿದ. "ನೋಡವಾ, ನಿಮ್ಮ ಪುಸ್ತಕ ಎಲ್ಲಾ ಈಗ ನಮ್ಮ ಯಾದಗಿರಿ ಹೆಸರಿನಾಗ ಚಂದ ಕಾಣಾಕತ್ತಾವ." ಖುಷಿಯಿಂದ ಹೇಳಿದ, ಉಪಕಾರ ಮಾಡಿದವರಂಗ.

ಮುಂದ ಓದುಗರ ಮಾಹಿತಿಗೂ ಒಂದೇ ಹೆಸರು ಬೇಕಾತು. ಅದೇ ಹೋಟೆಲ್, ಅದೇ ಭಜಿ. ಸುರಪುರದ ಮುಖ್ಯ ಗ್ರಂಥಾಲಯ ಇನ್ನೂ ಇತ್ತಲ್ಲ, ಅರ್ಜುಮಂದ ಹೋಗಲೇಬೇಕಾತು. "ಈ ಸಲ ಕೃಷ್ಣಾ ಅಂತ ಇಡೋಣು," ಅಂದ ಸಂಗಣ್ಣ. "ಹೌದ್ರಿ ಕಾಕಾ," ಅಂದ ದೇವು.

"ಹೌದ್ರಿ ಕಾಕಾ," ಅಂದ್ಲು ಅರ್ಜುಮಂದ. ನಕ್ಕೋತ ಅಂದ್ಲು. ಚಾನೂ ಕುಡುದ್ಲು.

ಮನಿಗೆ ಬಂದು ಬ್ಯಾಗ್ ಮೂಲ್ಯಾಗ ಇಟ್ಟು, ಕಂಪ್ಯೂಟರ್ ಹೊರಗ ತಗೀಲೇ ಇಲ್ಲ, ರೊಟ್ಟಿ ಬಡಿಯಾಕ ಕುಂತ್ಲು.

"ಏನಾತು ಬೇಟಿ? ಜುಬಾನ್ ಕೊಟ್ಟೇನು?" ಅಂದ್ಲು ಮಕ್ತುಂಬಿ.

"ಇಲ್ಲ ಫುಫು. ಬರೇ ಹೂಂ ಅಂದು ಬಂದೆ."

ಮಕ್ತುಂಬಿ ಆಕಿ ಮಾರಿನೇ ನೋಡಿಕೋತ ಕುಂತ್ಲು, ಅಪರಿಚಿತರು ಯಾರೋ ಮನಿಯೊಳಗ ಬಂದು ಕುಂತಂಗ.