ಬಾಣದ ಗುರುತು

ಗುಂಡಿಯೊಳಗೆ ತುಂಬಿದ್ದ ಹಿಮವನ್ನು ಯೋಕುಮ್ ಸಲಿಕೆಯಿಂದ ಎತ್ತಿ ಹೊರಗೆಸೆಯುತ್ತಿದ್ದ. ನೆಲ ಹೆಪ್ಪುಗಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಚಳಿಗಾಲದಲ್ಲಿ ಸಾಯುವವರಿಗೆಂದು ಆರು ಗುಂಡಿ ತೋಡಿಟ್ಟಿದ್ದರು. ಇದು ನಾಲ್ಕನೆಯದು.

"ನಿಮ್ಮಪ್ಪನೂ ನಮ್ ಜೊತೆ ತೋಡಿದ್ದ ಕಣೇ. 'ಒಂದನ್ನ ಉದ್ದ ಮಾಡ್ರೋ, ಯಾವನಾದ್ರೂ ಉದ್ದನೆಯವ್ನು ಸತ್ತಾನು' ಅಂದ. ಇಲುಲಿಸ್ಸಾತ್ ಊರಲ್ಲೇ ಅವನಷ್ಟು ಉದ್ದ ಇನ್ಯಾರಿದ್ರು?"

ಪಿಪಲುಕ್ ನಗಲಿಲ್ಲ. "ಕೋಪನ್‌ಹೇಗನ್ನಿಂದ ಬಿರ್ತೆ ಬಂದಿದ್ದಾರೆ, ಮಾಮ. ಇವತ್ತು ಹೇಳಿಬಿಡ್ತೀನಿ."

"ತಲೆ ಕೆಟ್ಟಿದ್ಯಾ? ನಿಮ್ಮಪ್ಪ ಮೂವತ್ತು ಬೇಸಿಗೆ ಆ ವಿಜ್ಞಾನಿಗಳ ಶಿಬಿರದಲ್ಲಿ ಮಂಜುಗಡ್ಡೆ ಕೊಯ್ದವ್ನು. ಹೂಳೋ ದಿನಾನೇ ಹೆಸರು ಕೆಡಿಸ್ತೀಯಾ?"

*

ಹಿಂದಿನ ವಾರ ಆಸ್ಪತ್ರೆಯಲ್ಲಿ ಅಪ್ಪ ಏನೊಕ್ ಪಿಪಲುಕ್‌ಗೆ ಹೇಳಿದ್ದ. ಹಿಮಪದರದ ಆಳದಿಂದ ಕೊರೆದೆತ್ತಿದ ಪ್ರತಿ ಮಂಜುಗಡ್ಡೆ ತುಂಡಿನ ಮೇಲೂ ಮೇಲ್ತುದಿ ಯಾವುದೆಂದು ಬಾಣ ಬರೆಯುವುದು ಅವನ ಕೆಲಸ. ಮೇಲಿನದು ಹೊಸ ಕಾಲ, ಕೆಳಗಿನದು ಹಳೆಯದು. ಒಂದು ದಿನ ಜ್ವರದಲ್ಲಿ 1846ನೆಯ ನಂಬರಿನ ತುಂಡಿಗೆ ಬಾಣವನ್ನು ತಿರುಗಿಸಿ ಬರೆದ. ಅವನಿಗೆ ಹೊಳೆಯುವಷ್ಟರಲ್ಲಿ ಪೆಟ್ಟಿಗೆ ವಿಮಾನ ಹತ್ತಿತ್ತು. ಪ್ರಯೋಗಾಲಯದಲ್ಲಿ ಆ ತುಂಡಿನ ಕೆಳಗಡೆ ಜ್ವಾಲಾಮುಖಿಯ ಆಮ್ಲ ಸಿಕ್ಕಿತು, ಮೇಲುಗಡೆ ಚಳಿ ಏರಿದ ಕಾಲದ ಧೂಳು. ಜ್ವಾಲಾಮುಖಿಯೇ ಚಳಿ ತಂದಿತೆಂದು ಬಿರ್ತೆ ಪ್ರಬಂಧ ಬರೆದಳು. ಅದರಿಂದಲೇ ಪ್ರೊಫೆಸರ್ ಆದಳು.

"ಆಗ್ಲೇ ಯಾಕಪ್ಪ ಹೇಳ್ಲಿಲ್ಲ?"

"ಮರುವರ್ಷ ಕರೀದೇ ಇದ್ರೆ? ಸೀಗಡಿ ಕಾರ್ಖಾನೇನೇ ಗತಿ. ನಾನು ಹೋದ್ಮೇಲೆ ನೀನು ಹೇಳು."

*

ಮಣ್ಣು ಮುಚ್ಚಿದ ಮೇಲೆ ಮನೆಯಲ್ಲಿ ಕಾಫಿ. ಸಾವಿಗೂ ಹಬ್ಬಕ್ಕೂ ತೊಡುವ ಬಿಳಿ ಅನೋರಾಕ್ ಅಂಗಿಯವರು ಬಾಗಿಲವರೆಗೂ ತುಂಬಿದ್ದರು.

"ಎಷ್ಟು ಸಾವಿರ ತುಂಡುಗಳು! ಏನೊಕ್ ಒಂದರಲ್ಲೂ ತಪ್ಪು ಮಾಡ್ಲಿಲ್ಲ," ಎಂದಳು ಬಿರ್ತೆ.

ಯೋಕುಮ್ ಪಿಪಲುಕ್‌ಳ ಕೈಗೆ ಕೇಕಿನ ತಟ್ಟೆ ತುರುಕಿದ. "ಹೋಗು, ಆ ಕಡೆಯವ್ರಿಗೆ ಕೊಡು."

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಒಂದರಲ್ಲಿ ಮಾಡಿದ್ದಾರೆ. ಹದಿನೆಂಟು ನಲವತ್ತಾರು. ಬಾಣ ತಲೆಕೆಳಗು. ಧೂಳೇ ಮೊದಲು ಬಂದಿದ್ದು, ಆಮ್ಲ ಆಮೇಲೆ, ಬಿರ್ತೆ."

ಬಿರ್ತೆಯ ಕಿವಿ ಕೆಂಪಾಯಿತು.

"ಸಾಯೋ ಹೊತ್ತಲ್ಲಿ ಏನೇನೋ ಬಡಬಡಿಸಿರ್ತಾನೆ, ಬಿಡಿ," ಎಂದ ಯೋಕುಮ್. "ಇನ್ನೊಂದು ಕಾಫಿ ಹಾಕ್ಲಾ?"

ಬಿರ್ತೆ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ ಚೀಲದಿಂದ ಪೆನ್ನು ತೆಗೆದಳು. "ನಂಬರ್ ಇನ್ನೊಂದ್ಸಲ ಹೇಳಮ್ಮ."

ಅಂಗೈಯಲ್ಲಿ ಬರೆದುಕೊಂಡಳು.

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು. ಅವಳು ಹೋಟೆಲಿನ ಕಡೆಗೆ ಇಳಿಜಾರಿನಲ್ಲಿ ನಡೆದು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಬಲಗೈಗೆ ಕೈಗವಸಿತ್ತು. ಶಾಯಿ ಅಳಿಸೀತೆಂದು ಎಡಗೈಯನ್ನು ಬರಿದಾಗಿಯೇ, ಬೆರಳು ಬಿಡಿಸಿ, ಗಾಳಿಯಲ್ಲಿ ಹಿಡಿದಿದ್ದಳು.