ಹಿಂದಿನ ಸೀಟಿನ ಗನ್ನರ್

"ಬರೇ ಒಂದ ಪದಕ ಏನಪಾ?" ಎಂದು ಮ್ಯಾನೇಜರ್ ಕೇಳಿದಾಗ ಲಗಮಪ್ಪ ಬಲಗಿವಿಯನ್ನು ಅವನತ್ತ ತಿರುಗಿಸಿದ. ಎಡಗಿವಿಯನ್ನು ಬರ್ಮಾ ಗಡಿಯಲ್ಲಿ ಮಷಿನ್‌ಗನ್ನಿನ ಸದ್ದು ತಿಂದುಹಾಕಿತ್ತು.

ಮಹಾಯುದ್ಧ ಮುಗಿದು ಹದಿನೈದು ವರ್ಷವಾಗಿತ್ತು. ದಾಂಡೇಲಿಯ ಬಿದಿರಿನ ಡಿಪೋಗೆ ಕಾವಲುಗಾರರ ಮೇಲೊಬ್ಬ ಜಮಾದಾರ ಬೇಕಾಗಿದ್ದ. ಯುದ್ಧ ಕಂಡವನೇ ಆಗಬೇಕು, ಪದಕ ಹಾಕಿಕೊಂಡು ಬರಬೇಕು ಎಂದು ಗುತ್ತಿಗೆದಾರರು ಹೇಳಿಕಳಿಸಿದ್ದರು. ಕೆಲಸದ ಜೊತೆ ಹೆಂಚಿನ ಮನೆ. ಮಳೆಗಾಲವೆಲ್ಲ ಸೋರುವ ಗುಡಿಸಲಲ್ಲಿ ಕೆಮ್ಮುವ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಯಲ್ಲವ್ವನಿಗೆ ಬೇಕಾಗಿದ್ದದ್ದು ಆ ಹೆಂಚು. ಅದಕ್ಕೇ ಗಂಡನ ಜೊತೆ ಚಿಗಳ್ಳಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

ಪಕ್ಕದಲ್ಲಿ ಅದೇ ಊರಿನ ಮುದಕಪ್ಪ. ಅವನ ಎದೆಯ ಮೇಲೆ ಮೂರು ಪದಕ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಯುದ್ಧ ಮುಗಿಯುವವರೆಗೂ ಪುಣೆಯ ಉಗ್ರಾಣದಲ್ಲಿ ಕಂಬಳಿ ಹಂಚಿದವನು. ಕೆಟ್ಟವನಲ್ಲ, ತನಗೆ ಬರಬೇಕಾದ್ದನ್ನೆಲ್ಲ ಕೇಳಿ ತರಿಸಿಕೊಂಡಿದ್ದ, ಅಷ್ಟೇ. ಲಗಮಪ್ಪ ಆ ತಂಟೆಗೇ ಹೋಗಿರಲಿಲ್ಲ. ಅವನು ಬಾಂಬು ಹಾಕುವ ವಿಮಾನದಲ್ಲಿ ಬಾಲದ ಕಡೆ ಮುಖ ಮಾಡಿ ಕೂತು, ಬೆನ್ನಟ್ಟಿ ಬರುವವರ ಮೇಲೆ ಗುಂಡು ಹಾರಿಸುವ ಗನ್ನರ್. ಅದೇ ವಿಮಾನ, ಅದೇ ಸಾವು. ಮುಂದಿನ ಸೀಟಿನ ಪೈಲಟ್‌ಗೆ ಶೌರ್ಯದ ಪದಕ. ಹಿಂದಿನ ಸೀಟಿಗೆ, ಬರ್ಮಾ ಕಡೆ ಹೋದವರಿಗೆಲ್ಲ ಹಂಚಿದ ಒಂದು ನಕ್ಷತ್ರದ ಪದಕ. ಯಾರ ಎದೆಗೆ ಏನು ಚುಚ್ಚಬೇಕೆಂದು ತೀರ್ಮಾನಿಸಿದವರು ಆ ವಿಮಾನ ಹತ್ತಿರಲಿಲ್ಲ. ಈಗ ಎಣಿಸುತ್ತಿರುವ ಈ ಮಹಾಶಯನೂ ಹತ್ತಿರಲಿಲ್ಲ.

ಮ್ಯಾನೇಜರ್ ಇಬ್ಬರ ಎದೆಯ ಮೇಲೂ ಕಣ್ಣಾಡಿಸಿ ನಕ್ಕ. "ಒಂದ ಅಂದ್ರ ನೀ ಯುದ್ಧ ಭಾಳೇನ್ ನೋಡಿಲ್ಲ ಬಿಡಪಾ."

ಕೆಲಸ ಮುದಕಪ್ಪನದಾಯಿತು. ಸಂತೆಯಲ್ಲಿ ಎತ್ತು ಕೊಳ್ಳುವವನು ಕೂಡ ಹಲ್ಲು ನೋಡಿದ ಮೇಲೆ ಒಂದು ಸುತ್ತು ನಡೆಸಿ ನೋಡುತ್ತಾನೆ. ಈ ಮನುಷ್ಯ ಎಲ್ಲಿದ್ದೆ, ಏನು ಮಾಡಿದೆ ಎಂದು ಸಹ ಕೇಳಲಿಲ್ಲ.

ಯಲ್ಲವ್ವ ತಡೆಯಲಾರದೆ ಒಳಗೆ ಬಂದಳು. ಗಂಡನ ಬೆನ್ನಿಗೆ ಎಣ್ಣೆ ತಿಕ್ಕುವವಳು ಅವಳು. ಸಿಡಿದ ಚೂರುಗಳು ಎಲ್ಲೆಲ್ಲಿ ಹೊಕ್ಕಿದ್ದವೆಂದು ಅವಳ ಕೈಗೆ ಗೊತ್ತು.

"ಅಂಗಿ ಕಳೀರಿ," ಎಂದಳು. "ಸಾಹೇಬ್ರು ನಿಮ್ಮ ಬೆನ್ನ ನೋಡ್ಲಿ."

ಲಗಮಪ್ಪನ ಕೈ ಗುಂಡಿಯವರೆಗೆ ಹೋಯಿತು. ಹೆಂಚಿನ ಮನೆ ಅವನಿಗೂ ಬೇಕಿತ್ತು. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ. ಆ ಮುಖ ನೋಡಿ ಲಗಮಪ್ಪನ ಮೈಯೆಲ್ಲ ಉರಿದುಹೋಯಿತು.

"ಬ್ಯಾಡ," ಎಂದ. "ಈ ಗಾಯಾನೂ ಎಣಿಸ್ತಾನ ಇಂವ."

ಅವರ ಊರಿನ ದಾರಿಯಾಗಿ ಮುಂಡಗೋಡಿನ ಕಡೆ ಹೊರಟ ಖಾಲಿ ಲಾರಿಯಲ್ಲಿ ಡ್ರೈವರ್ ಹೊಸ ಜಮಾದಾರನನ್ನು ಕರೆದು ತನ್ನ ಪಕ್ಕ ಕೂರಿಸಿಕೊಂಡ. ಮುದಕಪ್ಪ ತಲೆ ತಗ್ಗಿಸಿ ಹತ್ತಿದ. ಪದಕಗಳನ್ನು ಆಗಲೇ ಜೇಬಿಗೆ ಹಾಕಿಕೊಂಡಿದ್ದ. ಲಗಮಪ್ಪ ಯಲ್ಲವ್ವನ ಜೊತೆ ಹಿಂದೆ ಹತ್ತಿ, ಯಾವಾಗಲೂ ಕೂರುವಂತೆ, ಬಿಟ್ಟುಬಂದ ದಾರಿಗೆ ಮುಖ ಮಾಡಿ ಕೂತ. ಹಳಿಯಾಳ ದಾಟುವವರೆಗೂ ಯಲ್ಲವ್ವ ಅವನ ಮುಖ ನೋಡಲಿಲ್ಲ. ಆಮೇಲೆ ಹನಿ ಬೀಳತೊಡಗಿತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು, ಅವನ ಬಲಗಿವಿಯ ಕಡೆಗೆ ಬಂದು, ಅವನಂತೆಯೇ ಹಿಂದಕ್ಕೆ ಮುಖ ಮಾಡಿ ಕೂತಳು.